ಜಾಮೀನು ಮಂಜೂರಾದ ಮೇಲಿನ ಕೆಲಸ

ಜಿಲ್ಲಾ ಕಾರಾಗೃಹವೊಂದರ ಮಹಿಳಾ ವಿಭಾಗದಲ್ಲಿ ಅರೆಕಾನೂನು ಸ್ವಯಂಸೇವಕಿಯಾಗಿರುವ ನಾನು ಮೊದಲ ಭೇಟಿಯಲ್ಲಿ ಆರೋಪದ ಬಗ್ಗೆ ಏನನ್ನೂ ಕೇಳುವುದಿಲ್ಲ. ಮಕ್ಕಳು ಯಾರ ಬಳಿ ಇದ್ದಾರೆ, ಆಧಾರ್ ಕಾರ್ಡ್ ಎಲ್ಲಿದೆ, ವಕೀಲರು ಇದ್ದಾರೆಯೇ ಎಂಬಷ್ಟನ್ನು ಕೇಳಿ ಬರೆದುಕೊಳ್ಳುತ್ತೇನೆ. ಆದಾಯ ಎಷ್ಟೇ ಇದ್ದರೂ ಮಹಿಳೆಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಒಳಗಿರುವ ಅನೇಕರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದವರೂ ಸರ್ಕಾರ ಕೊಡುವ ವಕೀಲರು ಪೊಲೀಸರ ಪರವಾಗಿಯೇ ಇರುತ್ತಾರೆಂದು ಅನುಮಾನಿಸುತ್ತಾರೆ.

ಜಾಮೀನು ಮಂಜೂರಾದರೆ ಬಿಡುಗಡೆ ಆದಂತೆಯೇ ಎಂದು ಹೊರಗಿನವರು ಭಾವಿಸುವುದುಂಟು. ಆದರೆ ಗಂಡನ ಮನೆಯವರೂ ತವರಿನವರೂ ಕೈಬಿಟ್ಟ ಹೆಣ್ಣಿಗಾಗಿ ಜಮೀನಿನ ಪಹಣಿ ಹಿಡಿದು ಶ್ಯೂರಿಟಿ, ಅಂದರೆ ಜಾಮೀನುದಾರರಾಗಿ, ನಿಲ್ಲಲು ಯಾರು ಬರುತ್ತಾರೆ? ಒಂದು ತಿಂಗಳೊಳಗೆ ಜಾಮೀನು ಬಾಂಡ್ ಒದಗಿಸಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯವು ತಾನಾಗಿಯೇ ಪರಿಗಣಿಸಬಹುದೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನವನ್ನು ಉಲ್ಲೇಖಿಸಿ, ನಮ್ಮ ವಕೀಲರ ಮೂಲಕ ಅರ್ಜಿ ಹಾಕಿಸುತ್ತೇವೆ.

ಹೊರಬಂದ ಮೇಲೆ ನಿಜವಾದ ಅಪಾಯವೆಂದರೆ ವಾಯಿದೆ, ಅಂದರೆ ವಿಚಾರಣೆಯ ದಿನ, ತಪ್ಪಿಹೋಗುವುದು. ಫೋನ್ ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸಾಕ್ಷ್ಯವಸ್ತುವಾಗಿ, ಜಪ್ತಿಯಾಗಿರುತ್ತದೆ, ಆದ್ದರಿಂದ ಓಟಿಪಿ ಬರುವುದಿಲ್ಲ, ಓಟಿಪಿ ಇಲ್ಲದೆ ಜಾಲತಾಣದಿಂದ ಆಧಾರ್ ಪ್ರತಿ ತೆಗೆಯಲಾಗುವುದಿಲ್ಲ, ಗುರುತಿನ ಚೀಟಿ ತೋರಿಸದಿದ್ದರೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟೂ ಸಿಗುವುದಿಲ್ಲ. ಬಸ್ ಚಾರ್ಜಿಗೆ ದುಡ್ಡಿಲ್ಲದವಳು ಆ ದಿನ ನ್ಯಾಯಾಲಯಕ್ಕೆ ಹೋಗದಿದ್ದರೆ ಜಾಮೀನುರಹಿತ ವಾರಂಟ್ ಹೊರಡಬಹುದು. ಆದಕಾರಣ ಬಿಡುಗಡೆಯಾದ ವಾರದಲ್ಲೇ ಆಧಾರ್ ಕೇಂದ್ರಕ್ಕೆ ಕರೆದೊಯ್ದು, ಬೆರಳಚ್ಚು ಕೊಡಿಸಿ, ಹೊಸ ಮೊಬೈಲ್ ಸಂಖ್ಯೆ ಸೇರಿಸುವುದು ನನ್ನ ಮೊದಲ ಕೆಲಸ. ನ್ಯಾಯಾಲಯವು ಪ್ರತಿ ಪ್ರಕರಣಕ್ಕೂ ಕೊಡುವ ಗುರುತು ಸಂಖ್ಯೆಯಾದ, ಅಕ್ಷರ-ಅಂಕಿ ಸೇರಿ 16 ಸ್ಥಾನಗಳ ಸಿಎನ್‌ಆರ್ ಸಂಖ್ಯೆಯನ್ನು ದಪ್ಪನೆಯ ರಟ್ಟಿನ ಮೇಲೆ ಬರೆದು ಆಧಾರ್ ಜೊತೆಗೇ ಇಡಿಸುತ್ತೇನೆ. ನ್ಯಾಯಾಲಯಗಳ ಇ-ಕೋರ್ಟ್ಸ್ ಆಪ್ ಫೋನಿನಲ್ಲಿರುವ ಯಾರಾದರೂ ಅದನ್ನು ಒತ್ತಿ ಮುಂದಿನ ದಿನಾಂಕ ಹೇಳಬಲ್ಲರು.

ಆಪ್ತ ಸಲಹೆ ಮೊದಲಾಗಬೇಕೆಂದು ವಾದಿಸುವ ಸಹೋದ್ಯೋಗಿಗಳಿದ್ದಾರೆ. ರಾತ್ರಿ ಎಲ್ಲಿ ಮಲಗಬೇಕೆಂದು ತಿಳಿಯದವಳ ಮುಂದೆ ಆ ಮಾತು ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಂಥವರಲ್ಲಿ ದೌರ್ಜನ್ಯಕ್ಕೊಳಗಾದವರಿಗೆ, ನೊಂದ ಮಹಿಳೆಯರಿಗಾಗಿ ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ಕೆಲವು ದಿನಗಳ ಆಸರೆ ದೊರೆಯುತ್ತದೆ.

ಮನಸ್ಸಿಗೆ ಧೈರ್ಯ ತುಂಬುವ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಖುಲಾಸೆಯಾಗಿ ಹೊರಬಂದ ಹೆಂಗಸರು. ನನ್ನನ್ನು "ಮೇಡಂ" ಎನ್ನುವವರು ಅವರನ್ನು "ಅಕ್ಕ" ಎನ್ನುತ್ತಾರೆ. ಹಾಗೆ ಜೊತೆಗೂಡಿಸಿದ ಒಬ್ಬ ಹಿರಿಯಾಕೆ ನ್ಯಾಯಾಲಯದ ಮೆಟ್ಟಿಲ ಬಳಿ ಹೊಸಬಳಿಗೆ, "ಹೊರಗೆ ಕೂತ್ರೆ ಹೆಸ್ರು ಕೂಗಿದ್ದು ಕೇಳ್ಸಲ್ಲ ಕಣಮ್ಮ, ಒಳಗೆ ಹಿಂದಿನ ಬೆಂಚಲ್ಲೇ ಇರು, ಕೂಗಿದ ತಕ್ಷಣ ಎದ್ದು ಮುಂದೆ ಹೋಗು" ಎಂದು ಹೇಳಿಕೊಟ್ಟದ್ದನ್ನು ಕೇಳಿದೆ. ನನ್ನ ನಮೂನೆಗಳಲ್ಲಿ ಇಂಥದ್ದಕ್ಕೆ ಅಂಕಣವೇ ಇರಲಿಲ್ಲ. ಈ ಅಕ್ಕಂದಿರಿಗೆ ಎರಡೇ ಕಟ್ಟುಪಾಡು: ಸಾಲ ಕೊಡಬಾರದು, ಸಾಕ್ಷಿಗಳ ಬಗ್ಗೆ ಮಾತಾಡಬಾರದು.

ತೀರ್ಪು ಬಂದ ಮೇಲೂ ಕಡತವನ್ನು ತೆರೆದೇ ಇಡುತ್ತೇನೆ. ಜಪ್ತಿಯಾದ ಫೋನ್ ಮರಳಿ ಪಡೆಯಲು ಅರ್ಜಿ ಹಾಕಬೇಕು. ಪಡಿತರ ಚೀಟಿಯಲ್ಲಿ ಅತ್ತೆಯೇ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿ ಇವಳಿಗೆ ಬಾರದು, ಅದಕ್ಕೂ ಆಹಾರ ಇಲಾಖೆಯ ಕಚೇರಿಗೆ ಓಡಾಡಬೇಕು.