ಇವತ್ತಿನ ಮೊಣಕಾಲಿಗೆ ಒಂದು ರೋಡ್ ಸೈಕಲ್

ನಾನು ಸೈಕಲ್ ಕಲಿತದ್ದು ಅಪ್ಪನ ಅಟ್ಲಾಸ್ ಮೇಲೆ, ಒಳಪೆಡಲ್ ಹೊಡೆದು. ಊರು ವಿಜಯಪುರ ಜಿಲ್ಲೆ. ಆ ಕಡೆ, ಬಾಗಲಕೋಟೆ ಕಡೆ, ಸೈಕಲ್ ರೇಸ್ ಅಂದರೆ ಜಾತ್ರೆಯ ಕುಸ್ತಿಯಷ್ಟೇ ಮುಖ್ಯ. ದೇಶಕ್ಕೆ ಸವಾರರನ್ನು ಕೊಟ್ಟ ಸೀಮೆ ಅದು. ನಾನೂ ಪಿಯುಸಿಯಲ್ಲಿದ್ದಾಗ ಜಿಲ್ಲಾ ಮಟ್ಟದಲ್ಲಿ ಓಡಿಸಿದ್ದೆ. ಆಮೇಲೆ ಓದು, ನೌಕರಿ, ಮದುವೆ, ಎರಡು ಮಕ್ಕಳು. 22 ವರ್ಷ ಸೈಕಲ್ ಮುಟ್ಟಲಿಲ್ಲ.

ಈಗ ಇರುವುದು ಧಾರವಾಡದಲ್ಲಿ. ವಯಸ್ಸು 45. ಎರಡು ವರ್ಷದ ಹಿಂದೆ ಮತ್ತೆ ಸೈಕಲ್ ಹುಚ್ಚು ಹಿಡಿಯಿತು. ಆಗ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಯಾರೋ ಒಬ್ಬರು ತಮ್ಮ ಹಳೇ ರೇಸ್ ಸೈಕಲ್ ಮಾರುತ್ತಿದ್ದರು. ಹಗುರ, ಹೊಳೆಯುವ ಕೆಂಪು ಬಣ್ಣ, ಕೇವಲ 22 ಸಾವಿರ. ಅದನ್ನು ನೋಡಿದ್ದು ನಾನಲ್ಲ, ನನ್ನೊಳಗಿನ ಹದಿನೇಳು ವರ್ಷದ ಹುಡುಗಿ. ಕೊಂಡುಬಿಟ್ಟೆ. ನಾಲ್ಕು ತಿಂಗಳು ಕುತ್ತಿಗೆ ನೋವು, ಅಂಗೈ ಜೋಮು, ಬಲ ಮೊಣಕಾಲಿಗೆ ಎಣ್ಣೆ. ಕೊನೆಗೆ 15 ಸಾವಿರಕ್ಕೆ ಕೊಟ್ಟು ಕೈ ತೊಳೆದುಕೊಂಡೆ.

ಆ ಸೈಕಲ್‌ನಲ್ಲಿ ದೋಷವೇನೂ ಇರಲಿಲ್ಲ. 5 ಅಡಿ 9 ಇಂಚಿನ, ದಿನಾ ಓಡಿಸುವ ಹುಡುಗನಿಗೆ ಹೇಳಿ ಮಾಡಿಸಿದಂತಿತ್ತು. ನಾನು 5 ಅಡಿ 2 ಇಂಚು. ಕೆಳಗೆ ಬರೆದದ್ದೆಲ್ಲ ಆ ಏಳು ಸಾವಿರ ರೂಪಾಯಿ ಕಲಿಸಿದ ಪಾಠ.

ನಿಜವಾಗಿ ರೋಡ್ ಸೈಕಲ್ಲೇ ಬೇಕಾ?

ಟಗರಿನ ಕೊಂಬಿನಂತೆ ಬಗ್ಗಿದ ಹ್ಯಾಂಡಲ್ ನೋಡಿ ಮನಸೋತಿದ್ದರೆ ಒಂದು ನಿಮಿಷ ತಡೆಯಿರಿ. ಮನೆಯಿಂದ ಕೆಲಸಕ್ಕೆ, ಸಂತೆಗೆ, ಒಟ್ಟು ಹತ್ತು ಹದಿನೈದು ಕಿಲೋಮೀಟರ್ ಅಂದರೆ ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸಾಕು. ಅದೇ ದುಡ್ಡಿಗೆ ಇನ್ನೂ ಒಳ್ಳೆಯ ಬ್ರೇಕು, ಗೇರು ಬರುತ್ತವೆ. ರೋಡ್ ಸೈಕಲ್‌ನ ಲಾಭ ಗೊತ್ತಾಗುವುದು ಒಂದು ಗಂಟೆ ದಾಟಿದ ಮೇಲೆ. ಕೈ ಇಡುವ ಜಾಗ ಬದಲಿಸಬಹುದು, ಎದುರುಗಾಳಿಗೆ ತಗ್ಗಿ ಕೂರಬಹುದು. ನನಗೆ ಭಾನುವಾರ ಅಳ್ನಾವರ ರಸ್ತೆಯಲ್ಲಿ 50-60 ಕಿಲೋಮೀಟರ್ ಹೋಗಬೇಕು ಅನ್ನುವ ಆಸೆ. ಅದಕ್ಕೇ ರೋಡ್ ಸೈಕಲ್ ಬಿಡಲಿಲ್ಲ.

ಮೊದಲು ಅಳತೆ, ಆಮೇಲೆ ಉಳಿದದ್ದು

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಷ್ಟು ಒತ್ತಾಗಿ ಮೇಲಕ್ಕೆ ಎಳೆಯಿರಿ. ಪುಸ್ತಕದ ಮೇಲಂಚು ಗೋಡೆಗೆ ತಾಗಿದಲ್ಲಿ ಪೆನ್ಸಿಲ್ ಗುರುತು. ನೆಲದಿಂದ ಅಲ್ಲಿಗೆ ಟೇಪ್ ಹಿಡಿಯಿರಿ. ನನ್ನದು 73 ಸೆಂಟಿಮೀಟರ್ ಬಂತು. ಇದನ್ನು 0.883 ರಿಂದ ಗುಣಿಸಿದರೆ 64.5. ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಇಷ್ಟು ಎತ್ತರ ಇರಬೇಕು ಅಂತ ಲೆಕ್ಕ. ಇದು ಶುರು ಮಾಡಲು ಒಂದು ಅಂದಾಜು, ಅಷ್ಟೇ. ಆಮೇಲೆ ಐದು ಮಿಲಿಮೀಟರ್ ಆಚೀಚೆ ಆಗೇ ಆಗುತ್ತದೆ.

ಹಳೇ ಸೈಕಲ್‌ನ ಫ್ರೇಮ್ 54 ನಂಬರಿನದು. ನನ್ನ ಎತ್ತರಕ್ಕೆ ಬೇಕಾದದ್ದು 47 ರಿಂದ 49. ಸೀಟು ತಗ್ಗಿಸಿದರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಸೀಟಿನ ಎತ್ತರ ಸರಿಹೋಯಿತು, ಆದರೆ ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರ ಎಲ್ಲಿ ಕಡಿಮೆಯಾಗುತ್ತದೆ? ಬಾವಿಗೆ ಬಗ್ಗಿ ಕೊಡ ಎತ್ತುವ ಹಾಗೆ ಕೂತು ಓಡಿಸುತ್ತಿದ್ದೆ. ಕುತ್ತಿಗೆ ನೋವಿನ ಮೂಲ ಅದೇ. ಹ್ಯಾಂಡಲ್ಲನ್ನು ಫ್ರೇಮಿಗೆ ಸೇರಿಸುವ ತುಂಡಿಗೆ ಸ್ಟೆಮ್ ಅನ್ನುತ್ತಾರೆ, ಉದ್ದ ಕಡಿಮೆ ಇರುವುದನ್ನು ಹಾಕಿ ಒಂದೆರಡು ಸೆಂಟಿಮೀಟರ್ ಉಳಿಸಬಹುದು. ಅದಕ್ಕಿಂತ ಜಾಸ್ತಿ ತಪ್ಪಿದ್ದರೆ ಫ್ರೇಮೇ ತಪ್ಪು.

ಅಂಗಡಿಯಲ್ಲಿ ಎರಡು ನಿಮಿಷ ಸುತ್ತಿಸಿ "ಚೆನ್ನಾಗಿದೆ" ಅನ್ನಬೇಡಿ. ಹತ್ತು ನಿಮಿಷ ಓಡಿಸಿ. ಬ್ರೇಕಿನ ಮೇಲಿನ ರಬ್ಬರ್ ಹಿಡಿಯ ಮೇಲೆ ಕೈಯಿಟ್ಟಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಹ್ಯಾಂಡಲ್ಲಿನ ಕೆಳಬಾಗು ಹಿಡಿದು ಎರಡು ಬೆರಳಲ್ಲಿ ಬ್ರೇಕ್ ಒತ್ತಿ ನೋಡಿ. ಕೈ ಚಿಕ್ಕದಿರುವವರಿಗೆ ಲಿವರ್ ದೂರ ಅನಿಸುತ್ತದೆ. ಬಹಳಷ್ಟು ಲಿವರ್‌ಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ. ಕೇಳಿದರೆ ತಿರುಗಿಸಿ ಕೊಡುತ್ತಾರೆ, ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಅಂಗಡಿಯಲ್ಲಿ ನಮ್ಮ ಅಳತೆಯದು ಇರದಿದ್ದಾಗ ಒಂದು ಮಾತು ಬಂದೇ ಬರುತ್ತದೆ: "ಅಕ್ಕಾರ, ಒಂದ್ ಸೈಜ್ ದೊಡ್ಡದಾದ್ರ ಏನಾತ್ರಿ, ರೂಢಿ ಆಗ್ತದ." ರೂಢಿ ಆಗುವುದಿಲ್ಲ. ಎದ್ದು ಬನ್ನಿ.

ಗೇರಿನ ಲೆಕ್ಕ

ಅಂಗಡಿಯವರು "ಇದು 16 ಗೇರು, ಅದು 21 ಗೇರು" ಅಂತ ಎಣಿಸುತ್ತಾರೆ. ಎಣಿಕೆ ಬಿಡಿ. ಎಲ್ಲಕ್ಕಿಂತ ಹಗುರವಾದ ಗೇರು ಎಷ್ಟು ಹಗುರ ಅಂತ ಕೇಳಿ. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನ ಚಿಕ್ಕದಕ್ಕೆ ಹಲ್ಲು ಎಷ್ಟು, ಹಿಂದಿನ ದೊಡ್ಡದಕ್ಕೆ ಹಲ್ಲು ಎಷ್ಟು, ಎರಡೇ ಪ್ರಶ್ನೆ.

ನನ್ನ ಕೆಂಪು ಸೈಕಲ್‌ನಲ್ಲಿ ಮುಂದೆ 39, ಹಿಂದೆ 25. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಸುಮಾರು 3.3 ಮೀಟರ್ ಹೋಗುತ್ತಿತ್ತು. ಸಮತಟ್ಟಿನಲ್ಲಿ ಸರಿ. ಧಾರವಾಡದಲ್ಲಿ ಸಮತಟ್ಟು ಎಲ್ಲಿದೆ? ಕೆಲಗೇರಿ ಕೆರೆ ಕಡೆಯಿಂದ ವಾಪಸ್ ಬರುವಾಗ, ಯೂನಿವರ್ಸಿಟಿ ಏರು ಹತ್ತುವಾಗ, ಪ್ರತಿ ತುಳಿತಕ್ಕೂ ಮೊಣಕಾಲು ಮಾತಾಡುತ್ತಿತ್ತು. ಈಗಿನ ಸೈಕಲ್‌ನಲ್ಲಿ ಮುಂದೆ 50 ಮತ್ತು 34, ಹಿಂದೆ 11 ರಿಂದ 32. 34-32 ಗೇರಿನಲ್ಲಿ ಒಂದು ಸುತ್ತಿಗೆ ಸುಮಾರು 2.3 ಮೀಟರ್. ಅದೇ ಏರನ್ನು ನಿಧಾನವಾಗಿ, ಪಕ್ಕದವರ ಹತ್ತಿರ ಮಾತಾಡುತ್ತಾ ಹತ್ತುತ್ತೇನೆ. ಮತ್ತೆ ಶುರು ಮಾಡುವವರಿಗೆ ಮುಂದೆ 34, ಹಿಂದೆ ಕನಿಷ್ಠ 30 ಇರಲಿ. 32, 34 ಸಿಕ್ಕರೆ ಇನ್ನೂ ಒಳ್ಳೆಯದು. ಚಾಮುಂಡಿ ಬೆಟ್ಟ, ನಂದಿ ಬೆಟ್ಟದ ಕನಸಿದ್ದವರಿಗೆ ಇದು ಶೋಕಿ ಅಲ್ಲ, ಅಗತ್ಯ.

ಶಿಮಾನೊ ಕಂಪನಿಯ ರೋಡ್ ಗೇರುಗಳಲ್ಲಿ ಕೆಳಗಿನಿಂದ ಮೇಲೆ ಹೋದರೆ ಟೂರ್ನಿ, ಕ್ಲಾರಿಸ್, ಸೋರಾ, ಟಿಯಾಗ್ರಾ, 105. ಟೂರ್ನಿಗೆ ಹಿಂದೆ 7 ಹಲ್ಲುಚಕ್ರ, ಕ್ಲಾರಿಸ್‌ಗೆ 8, ಸೋರಾಕ್ಕೆ 9. ನನ್ನ ಅಭಿಪ್ರಾಯ ಕೇಳಿದರೆ ಕ್ಲಾರಿಸ್‌ನಿಂದ ಶುರು ಮಾಡಿ. ಅದಕ್ಕೆ ಕಾರಣ ಒಂದು ಚಕ್ರ ಜಾಸ್ತಿ ಇರುವುದಲ್ಲ. 7 ಚಕ್ರದ ಅಗ್ಗದ ಸೈಕಲ್‌ಗಳಲ್ಲಿ ಹಿಂದೆ ಇರುವುದು ಹೆಚ್ಚಾಗಿ ತಿರುಪು ಹಾಕಿ ಕೂರಿಸುವ ಫ್ರೀವೀಲ್. ಅದರಲ್ಲಿ ಬಲಗಡೆಯ ಬೇರಿಂಗು ಒಳಗೆ ಸರಿದಿರುತ್ತದೆ, ಆಕ್ಸಲ್‌ನ ತುದಿಗೆ ಆಸರೆ ಕಡಿಮೆ. ಗುಂಡಿ ರಸ್ತೆಯಲ್ಲಿ ಅದು ಬಗ್ಗುತ್ತದೆ. 8 ಚಕ್ರದ ಕ್ಯಾಸೆಟ್ (ಹಲ್ಲುಚಕ್ರಗಳ ಗುಚ್ಛ) ಕೂರುವ ಹಬ್ ಗಟ್ಟಿ, ಮುಂದೊಂದು ದಿನ 9, 10 ಚಕ್ರದ ಕ್ಯಾಸೆಟ್ಟೂ ಅದರ ಮೇಲೇ ಕೂರುತ್ತದೆ. 8 ಸ್ಪೀಡ್ ಚೈನು ಅಗ್ಗ, ಸಣ್ಣ ಊರಲ್ಲೂ ಸಿಗುತ್ತದೆ. ದುಡ್ಡಿದ್ದರೆ ಸೋರಾ ತಗೊಳ್ಳಿ. ಮೊದಲ ಸೈಕಲ್‌ಗೆ ಅದಕ್ಕೂ ಮೇಲೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಕಾರ್ಬನ್ ಫ್ರೇಮಿನ ಯೋಚನೆಯನ್ನೂ ಬಿಡಿ. ಅಲ್ಯೂಮಿನಿಯಂ ಫ್ರೇಮು, ಮುಂದಿನ ಫೋರ್ಕ್ ಮಾತ್ರ ಕಾರ್ಬನ್, ಇಷ್ಟಿದ್ದರೆ ಸಾಕು. ಒಟ್ಟು ತೂಕ 10-11 ಕೆಜಿ ಬರುತ್ತದೆ. ಅಪ್ಪನ ಅಟ್ಲಾಸ್ ಸುಮಾರು 20 ಕೆಜಿ ಇತ್ತು. ಇದಕ್ಕಿಂತ ಅರ್ಧ ಕೆಜಿ ಇಳಿಸಲು ಹತ್ತು ಸಾವಿರ ಸುರಿಯುವ ಬದಲು ಮಿರ್ಚಿ-ಗಿರ್ಮಿಟ್ ಕಡಿಮೆ ಮಾಡಬಹುದು. (ನಾನು ಮಾಡಿಲ್ಲ.)

ಟಯರು, ಗಾಳಿ, ಬ್ರೇಕು

ಟಯರ್ ಅಗಲ 28 ಮಿಲಿಮೀಟರ್‌ಗಿಂತ ಕಡಿಮೆ ಬೇಡ. ಫ್ರೇಮಿನಲ್ಲಿ 32 ಕೂರುವಷ್ಟು ಜಾಗ ಇದ್ದರೆ ಇನ್ನೂ ಚೆಂದ. ಕೆಂಪು ಸೈಕಲ್‌ಗೆ 23 ರ ಟಯರ್ ಇತ್ತು, ಹಸಿ ಸೌತೆಕಾಯಿ ಥರ ಸಣ್ಣ, ಕಲ್ಲಿನ ಥರ ಗಟ್ಟಿ. ಅಂಗೈ ಜೋಮಿಗೆ ಅರ್ಧ ಕಾರಣ ಅದು. ಟಯರ್ ಪಕ್ಕದಲ್ಲಿ ಬರೆದಿರುವ ಗಾಳಿಯ ಅಂಕಿ ಗರಿಷ್ಠ ಮಿತಿ, ಅಷ್ಟು ತುಂಬಿಸಿ ಅಂತ ಅಲ್ಲ. ನನ್ನ ತೂಕ 61 ಕೆಜಿ. 28 ರ ಟಯರಿಗೆ 70 ಪಿಎಸ್ಐ ಹತ್ತಿರ ಹಾಕುತ್ತೇನೆ.

ರೋಡ್ ಸೈಕಲ್‌ನ ವಾಲ್ವ್ ಬೇರೆ ಥರ. ಹೆಸರು ಪ್ರೆಸ್ಟಾ. ಸಪೂರ, ತುದಿಯಲ್ಲಿ ಪುಟ್ಟ ನಟ್ಟು. ಮೊದಲ ಸಲ ಪಂಚರ್ ಅಂಗಡಿಗೆ ಹೋದಾಗ ಹುಡುಗ ಪೈಪು ಒತ್ತಿದ, ತೆಗೆದ, ಮತ್ತೆ ಒತ್ತಿದ. ತಲೆ ಕೆರೆದುಕೊಂಡ. "ಅಕ್ಕಾ, ಇದರಾಗ ಗಾಳಿನ ಹೋಗವಲ್ದು." ಇಬ್ಬರೂ ಕೂತು ನೋಡಿದೆವು. ತುದಿಯ ನಟ್ಟನ್ನು ಸಡಿಲಿಸಿ, ಒಮ್ಮೆ ಬೆರಳಲ್ಲಿ ಒತ್ತಿದಾಗ "ಪುಸ್" ಅಂತ ಬಾಯಿಬಿಟ್ಟಿತು. ಆದರೂ ಅವನ ಪೈಪು ಅದಕ್ಕೆ ಕೂರಲಿಲ್ಲ. ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಒಂದು ಸಿಗುತ್ತದೆ, ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ತಿರುಪಿ ಕೂರಿಸಿದರೆ ಬೈಕಿಗೆ ಗಾಳಿ ಹಾಕುವ ಪೈಪೇ ಸಾಕು. ಸೈಕಲ್ ಕೊಂಡ ದಿನವೇ ಎರಡು ತಗೊಳ್ಳಿ. ಒಂದು ಕಳೆದೇ ಹೋಗುತ್ತದೆ.

ಬ್ರೇಕಿನ ವಿಷಯದಲ್ಲಿ ಜಗಳ ಜಾಸ್ತಿ. ರಿಮ್ ಬ್ರೇಕು ಹಗುರ, ಅಗ್ಗ, ಯಾರು ಬೇಕಾದರೂ ಸರಿ ಮಾಡುತ್ತಾರೆ. ಡಿಸ್ಕ್ ಮಳೆಯಲ್ಲಿ ಒಳ್ಳೆಯದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರೆಮಣ್ಣು ರಿಮ್ಮಿಗೆ ಮೆತ್ತಿಕೊಂಡರೆ ಬ್ರೇಕ್ ರಬ್ಬರು ಜಾರುತ್ತದೆ. ಹಾಗಾಗಿ ನಾನು ಕೇಬಲ್ ಎಳೆಯುವ ಡಿಸ್ಕ್ ಆರಿಸಿಕೊಂಡೆ. ಅದೂ ಸಾಧು ಅಲ್ಲ. ಸ್ವಲ್ಪ ಸರಿದರೆ "ಚುಂಯ್ ಚುಂಯ್" ಅಂತ ದಾರಿಯುದ್ದಕ್ಕೂ ಹಾಡುತ್ತದೆ, ಸರಿಪಡಿಸಲು ಕಲಿಯಬೇಕು. ಮಳೆಯಲ್ಲಿ ಹೊರಗೆ ಹೋಗದವರಿಗೆ, ಒಣ ಸೀಮೆಯವರಿಗೆ ರಿಮ್ ಬ್ರೇಕು ಧಾರಾಳ ಸಾಕು. ನಮ್ಮ ವಿಜಯಪುರದವರಿಗೆ ಅದನ್ನೇ ಹೇಳುತ್ತೇನೆ.

ದುಡ್ಡು

ನಾನು ಇಟ್ಟುಕೊಂಡದ್ದು 45 ಸಾವಿರ. ಅದರಲ್ಲಿ ಸೈಕಲ್‌ಗೆ 35, ಉಳಿದದ್ದು ಬೇರೆ ಸಾಮಾನಿಗೆ ಅಂತ ಮೊದಲೇ ಚೀಟಿ ಬರೆದೆ. ಪೂರ್ತಿ ದುಡ್ಡನ್ನು ಸೈಕಲ್‌ಗೇ ಹಾಕಿದರೆ ಹೆಲ್ಮೆಟ್ ಮುಂದಿನ ತಿಂಗಳಿಗೆ ಹೋಗುತ್ತದೆ, ಅದು ಆಗಬಾರದು. ಹೆಲ್ಮೆಟ್, ನಿಂತು ಒತ್ತುವ ಪಂಪು, ಎರಡು ಟ್ಯೂಬು, ಟಯರ್ ಬಿಚ್ಚುವ ಪ್ಲಾಸ್ಟಿಕ್ ಲಿವರ್, ಹಿಂದೆ ಮುಂದೆ ದೀಪ, ಪ್ಯಾಡ್ ಇರುವ ಚಡ್ಡಿ. ಚಡ್ಡಿಗೆ ನಾಚಿಕೆ ಪಡಬೇಡಿ. ನಾನು ಮೇಲೆ ಕುರ್ತಾ ಹಾಕಿಕೊಂಡು ಹೋಗುತ್ತೇನೆ. ಮೆತ್ತನೆಯ ಜೆಲ್ ಸೀಟ್ ಕವರ್ ಮಾತ್ರ ಕೊಳ್ಳಬೇಡಿ. ಅರ್ಧ ಗಂಟೆ ಸುಖ, ಆಮೇಲೆ ಉಜ್ಜಿ ಉಜ್ಜಿ ಹುಣ್ಣು.

ಹೊಸದರಲ್ಲಿ, ಹೆಸರು ಮಾಡಿದ ಕಂಪನಿಗಳ ಕ್ಲಾರಿಸ್ ಸೈಕಲ್‌ಗಳು ನಾನು ಹುಡುಕಿದಾಗ ಹೆಚ್ಚಾಗಿ 50 ಸಾವಿರ ದಾಟುತ್ತಿದ್ದವು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12 ರಿಂದ 5ಕ್ಕೆ ಇಳಿದಿದೆ. ಹಳೇ ಬೆಲೆಪಟ್ಟಿ ತೋರಿಸಿದರೆ ಈ ಮಾತು ನೆನಪಿಸಿ. ಬೆಲೆ ಇಳಿಸದ ಅಂಗಡಿಯವರೂ ಬಾಟಲಿ ಸ್ಟ್ಯಾಂಡು, ಟ್ಯೂಬು, ಎರಡು ಸರ್ವಿಸ್ ಅಂದರೆ ಒಪ್ಪುತ್ತಾರೆ.

ಕೊನೆಗೆ ನಾನು ತಂದದ್ದು ಮತ್ತೆ ಸೆಕೆಂಡ್ ಹ್ಯಾಂಡೇ. ಎರಡು ವರ್ಷ ಹಳೇದು, 34 ಸಾವಿರ. ಈ ಸಲ ನೋಡುವ ಕಣ್ಣು ಬದಲಾಗಿತ್ತು. ಸೈಕಲ್ ತಲೆಕೆಳಗು ಮಾಡಿ ಪೆಡಲ್ ಕೂರುವ ಕ್ರ್ಯಾಂಕಿನ ಕೆಳಗೆ ಕೊರೆದ ಫ್ರೇಮ್ ನಂಬರನ್ನು ಬಿಲ್ಲಿಗೆ ಹೋಲಿಸಿದೆ. ಬಿಲ್ ಇಲ್ಲ ಅಂದರೆ ಅಲ್ಲಿಗೇ ಕೈಬಿಡಿ, ಕದ್ದ ಮಾಲು ಯಾರಿಗೆ ಬೇಕು? ಹ್ಯಾಂಡಲ್ ಕೆಳಗೆ ಪೈಪುಗಳು ಸೇರುವ ಕಡೆ ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ಕೂದಲೆಳೆಯ ಬಿರುಕು ಇದೆಯಾ ನೋಡಿದೆ. ಚಕ್ರವನ್ನು ಎಡಕ್ಕೆ ಬಲಕ್ಕೆ ಅಲುಗಿಸಿದೆ, ಕಟಕಟ ಅನ್ನಲಿಲ್ಲ. ಸೀಟಿನ ಕಂಬ ಸಡಿಲಿಸಿ ಮೇಲೆ ಕೆಳಗೆ ಮಾಡಿದೆ. ಇದನ್ನು ಯಾರೂ ನೋಡುವುದಿಲ್ಲ, ಆದರೆ ಬೆವರು-ಮಳೆಗೆ ಒಳಗೇ ಕಚ್ಚಿಕೊಂಡ ಕಂಬವನ್ನು ತೆಗೆಯಲು ಮೆಕ್ಯಾನಿಕ್‌ಗೂ ಆಗುವುದಿಲ್ಲ. ಚೈನು ಜಗ್ಗಿತ್ತು. ಅದನ್ನು ತೋರಿಸಿ ಸಾವಿರ ರೂಪಾಯಿ ಇಳಿಸಿಕೊಂಡೆ.

ಮನೆಗೆ ತಂದ ಮೇಲೆ ಮೊದಲ ಎರಡು ವಾರ 15 ಕಿಲೋಮೀಟರ್ ದಾಟಲಿಲ್ಲ. ಸೀಟಿನ ಕಂಬದ ಸುತ್ತ ಕಪ್ಪು ಇನ್ಸುಲೇಶನ್ ಟೇಪ್ ಒಂದು ಸುತ್ತು ಹಾಕಿ ಎತ್ತರ ಗುರುತು ಮಾಡಿದೆ. ಮೊಣಕಾಲಿನ ಮುಂಭಾಗ ನೊಂದರೆ ಐದು ಮಿಲಿಮೀಟರ್ ಏರಿಸುವುದು, ಹಿಂಭಾಗ ಎಳೆದರೆ ಇಳಿಸುವುದು. ಒಂದು ಸಲಕ್ಕೆ ಅಷ್ಟೇ, ಮೂರು ನಾಲ್ಕು ದಿನ ಓಡಿಸಿ ನೋಡಿದ ಮೇಲೆ ಮುಂದಿನದು. 64.5 ರಿಂದ ಶುರುವಾಗಿ 65ಕ್ಕೆ ಬಂದು ನಿಂತಿದೆ. ಟೇಪ್ ಎರಡು ಸಲ ಬದಲಾಯಿಸಿದ್ದೇನೆ. ಬಲ ಮೊಣಕಾಲು ಸದ್ಯಕ್ಕೆ ಸುಮ್ನಿದೆ.