ಅರ ಹಾಕಿ ಕೆಡಿಸಿದ್ದ ಮೌಸರ್‌ಗೆ ಸ್ಕೋಪ್ ಕೂರಿಸಿದ ನನ್ನ ಅನುಭವ

ಕೋವಿಯ ರಿಸೀವರಿನ (ಅಗಳಿಯಂಥ ಬೋಲ್ಟ್ ಓಡಾಡುವ ಉಕ್ಕಿನ ಮೈ) ಹಿಂಭಾಗದ ಸೇತುವೆ, ಅಂದರೆ ಬ್ರಿಜ್ ಮೇಲೆ ಎಪಾಕ್ಸಿ ಅಂಟು ಹಾಕಿ, ಸ್ಕೋಪ್ ಹಿಡಿಯುವ ರಿಂಗ್ ನಿಲ್ಲುವ ಲೋಹದ ಬೇಸ್ ಕೂರಿಸುತ್ತೇನೆ ಅಂದಾಗ ಕೋವಿ ಕೆಲಸ ಬಲ್ಲವರೆಲ್ಲ ಮೂಗು ಮುರಿದಿದ್ದರು. "ಅಂಟು ಹಚ್ಚಿ ಸ್ಕೋಪ್ ನಿಲ್ಲಿಸ್ತೀಯಾ? ಇಪ್ಪತ್ತು ಈಡು ಹೊಡೆಯೋದರೊಳಗೆ ಕಳಚಿ ಕೈಗೆ ಬರುತ್ತೆ" ಅಂದವರೇ ಹೆಚ್ಚು. ಈಗ ಸುಮಾರು ನಾನೂರು ತೋಟಾ ಸುಟ್ಟಾಗಿದೆ, ಝೀರೋ, ಅಂದರೆ ಹೊಂದಿಸಿಟ್ಟ ಗುರಿ, ಕದಲಿಲ್ಲ. ಹಾಗಾಗಿ ಮಾಡಿದ್ದನ್ನು ಬರೆದಿಡುತ್ತಿದ್ದೇನೆ. ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಉಪಕರಣ) ಹಿಡಿಯುವುದು, ರಿಂಗ್ ಬಿಗಿಯುವುದು ಗೊತ್ತಿದ್ದವರಿಗಾಗಿ ಬರೆದದ್ದು ಇದು, ಮೊದಲ ಪಾಠ ಇಲ್ಲಿಲ್ಲ.

ಕೋವಿ 98ಕೆ ಮೌಸರ್, ಎರಡನೇ ಮಹಾಯುದ್ಧದ ಜರ್ಮನ್ ಸೈನ್ಯದ ಬೋಲ್ಟ್ ರೈಫಲ್, ತೋಟಾ 7.92×57 ಮಿ.ಮೀ. ನನ್ನ ಕೈಗೆ ಬರುವ ಹೊತ್ತಿಗೇ ಯಾರೋ ಅದನ್ನು ಬೇಟೆಗೆ ಒಗ್ಗಿಸಿದ್ದರು. ಮರ ಕೊಯ್ದು ಹಗುರ ಮಾಡಿದ್ದರು, ನಳಿಗೆ ಮೊಟಕಾಗಿತ್ತು. ಭಾಗಗಳ ಮೇಲಿನ ನಂಬರುಗಳೆಲ್ಲ ಹೊಂದುವ, ಮೂಲ ರೂಪದಲ್ಲೇ ಇರುವ ಮಿಲಿಟರಿ ಕೋವಿಗೆ ನಾನು ಡ್ರಿಲ್ ಮುಟ್ಟಿಸುವವನಲ್ಲ. ಇದಕ್ಕೆ ಆ ಮರ್ಯಾದೆ ಎಂದೋ ಹೋಗಿತ್ತು. ದೊಡ್ಡ ತೊಂದರೆ ಇದ್ದದ್ದು ಬ್ರಿಜ್‌ನಲ್ಲಿ. ತೋಟಾ ಕ್ಲಿಪ್ ಸಿಕ್ಕಿಸುವ ಚಾರ್ಜರ್ ಗೈಡನ್ನು ಮಿಲ್ಲಿಂಗ್ ಮಾಡಿಸದೆ ಕೈಯಲ್ಲೇ ಅರ ಹಾಕಿ ಉಜ್ಜಿ ತೆಗೆದಿದ್ದರು. ಎಡಕ್ಕೆ ಇಳಿಜಾರು, ನಡುವೆ ತಗ್ಗು. ಬೇಸ್ ಇಟ್ಟು ಸಂದು ಅಳೆಯುವ ಲೋಹದ ಎಲೆಗಳ ಫೀಲರ್ ಗೇಜ್ ತೂರಿಸಿದರೆ ಬಲಗಡೆ ತೆಳು ಎಲೆಯೂ ಹೋಗುತ್ತಿರಲಿಲ್ಲ, ಎಡಗಡೆ 0.3 ಮಿ.ಮೀ. ಎಲೆ ಸಲೀಸಾಗಿ ಹೋಗುತ್ತಿತ್ತು.

0.3 ಅಂದರೆ ಏನು ಮಹಾ ಅನ್ನುವವರು ಲೆಕ್ಕ ಹಾಕಿ ನೋಡಲಿ. ಎರಡು ಬೇಸ್‌ಗಳ ನಡುವೆ 130 ಮಿ.ಮೀ. ಅಂತರವಿದ್ದರೆ 0.1 ಮಿ.ಮೀ. ಏರುಪೇರು 100 ಮೀಟರಿನಲ್ಲಿ ಏಳೂವರೆ ಸೆಂ.ಮೀ. ಮೇಲಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಬೇಸ್ ವಾರೆಯಾಗಿದ್ದರೆ ರಿಂಗ್ ಬಿಗಿದಂತೆಲ್ಲ ಸ್ಕೋಪಿನ ಟ್ಯೂಬೇ ಬಗ್ಗುತ್ತದೆ. ಆಮೇಲೆ ಗುರಿ ಹೊಂದಿಸುವ ತಿರುಪನ್ನು ಕ್ಲಿಕ್ ಕ್ಲಿಕ್ ಅಂತ ತಿರುಗಿಸಿದರೆ ಗುರಿ ಒಮ್ಮೆ ಕದಲುತ್ತದೆ, ಒಮ್ಮೆ ಕದಲುವುದಿಲ್ಲ. ಸ್ಕೋಪ್ ಕೆಟ್ಟಿದೆ ಅಂತ ಎಷ್ಟೋ ಜನ ಮಾರಿಬಿಡುವುದು ಈ ಕಾರಣಕ್ಕೇ.

ಮೊದಲು ಬ್ರಿಜ್‌ನ ಗೊಡವೆಯೇ ಬೇಡ ಅಂತ ರಿಸೀವರಿನ ಎಡಗೋಡೆಗೆ ಸೈಡ್ ಮೌಂಟ್ (ಪಕ್ಕದಿಂದ ಸ್ಕೋಪ್ ಹಿಡಿಯುವ ಕಟ್ಟು) ಹಾಕಿಸಿದ್ದೆ. ಬ್ರಿಟಿಷರ ನಂಬರ್ 4 ಸ್ನೈಪರ್ ಕೋವಿಗೂ, ರಷ್ಯನ್ನರ ಮೋಸಿನ್‌ಗೂ ಸ್ಕೋಪ್ ನಿಂತದ್ದು ಎಡಮಗ್ಗುಲಲ್ಲೇ, ಇದಕ್ಕೇಕೆ ಬೇಡ ಅನ್ನುವುದು ನನ್ನ ವಾದ. ಆದರೆ 98ರಲ್ಲಿ ತೋಟಾ ಒತ್ತಲು ಹೆಬ್ಬೆರಳಿಗೆಂದು ಎಡಗೋಡೆಯನ್ನೇ ಕತ್ತರಿಸಿದ್ದಾರೆ, ಸ್ಕ್ರೂ ಹಿಡಿಯಲು ಉಳಿಯುವ ಜಾಗ ಕಡಿಮೆ. ಒಂದೆರಡು ಪೆಟ್ಟಿಗೆ ತೋಟಾ ಮುಗಿಯುವುದರೊಳಗೆ ಗುರಿ ಅಂಗೈಯಗಲ ಅಲೆದಾಡತೊಡಗಿತು. ಆ ಮೌಂಟಿಗೆ ಕೊಟ್ಟ ಹಣ ಹೋದಂತೆಯೇ, ಬಳಸಿದ್ದನ್ನು ಯಾರೂ ಕೊಳ್ಳಲಿಲ್ಲ.

ಆಮೇಲೆ ಸ್ಕೌಟ್ ರೀತಿ ಮಾಡಿ ನೋಡಿದೆ. ನಳಿಗೆಯ ಮೇಲೆ, ಹಿಂದಿನ ಸೈಟ್ ಇದ್ದ ಜಾಗದಲ್ಲಿ, ಕಣ್ಣಿನಿಂದ ದೂರ ನಿಲ್ಲುವ ಚಿಕ್ಕ ಸ್ಕೋಪ್. ಜರ್ಮನ್ನರೇ ಎರಡನೇ ಮಹಾಯುದ್ಧದಲ್ಲಿ ಈ ಕೋವಿಗೆ ಝಡ್‌ಎಫ್ 41 ಅನ್ನುವ 1.5 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪನ್ನು ಹಾಗೆ ಕೂರಿಸಿದ್ದರು. ಇದರಲ್ಲಿ ಸುಖಗಳೂ ಇವೆ. ಬೋಲ್ಟ್ ಹಿಡಿ ಬಗ್ಗಿಸಬೇಕಿಲ್ಲ, ಸೇಫ್ಟಿ ಬದಲಿಸಬೇಕಿಲ್ಲ, ಎರಡೂ ಕಣ್ಣು ತೆರೆದು ಹೊಡೆಯಬಹುದು. ಹತ್ತಿರದ, ಓಡುವ ಗುರಿಗೆ ಅದರಷ್ಟು ಚುರುಕಾದದ್ದು ಬೇರೆ ಇಲ್ಲ ಅಂತ ಈಗಲೂ ಹೇಳುತ್ತೇನೆ. ಆದರೆ ಹೊತ್ತು ಮುಳುಗುವಾಗ ಬೆಳಕು ಸಾಲುವುದಿಲ್ಲ, ನಳಿಗೆ ಕಾದಾಗ ಈಡು ಮೆಲ್ಲಗೆ ಮೇಲೇರುತ್ತಿತ್ತು. ಆ ಸ್ಕೋಪನ್ನು ಅರ್ಧ ಬೆಲೆಗೆ ಮಾರಿ ಕೈತೊಳೆದುಕೊಂಡೆ.

ಉಳಿದದ್ದು ರಿಸೀವರ್ ಮೇಲಕ್ಕೇ ಕೂರಿಸುವುದು. ರಂಧ್ರ ಕೊರೆಸಲು ಹೋದ ಕಡೆ ಒಬ್ಬರು ರಿಸೀವರಿನ ಮುಂದಿನ ರಿಂಗನ್ನು (ನಳಿಗೆ ಕೂರುವ ದುಂಡು ಭಾಗ, ಸ್ಕೋಪ್ ಹಿಡಿಯುವ ರಿಂಗ್ ಅಲ್ಲ) ಟಾರ್ಚ್ ಹಿಡಿದು ಕೆಂಪಗೆ ಕಾಯಿಸಿ ಮೆತ್ತಗೆ ಮಾಡೋಣ ಅಂದರು. ಕೋವಿ ಎತ್ತಿಕೊಂಡು ಬಂದುಬಿಟ್ಟೆ. 98ರ ರಿಸೀವರ್ ಕಡಿಮೆ ಇಂಗಾಲದ ಉಕ್ಕು, ಮೇಲ್ಮೈ ಮಾತ್ರ ಗಟ್ಟಿ ಮಾಡಿದ್ದು. ಬೋಲ್ಟಿನ ಲಗ್‌ಗಳು (ಮುಚ್ಚಿದ ಬೋಲ್ಟನ್ನು ಬೀಗದಂತೆ ಹಿಡಿಯುವ ಉಬ್ಬುಗಳು) ಒರಗುವ ಜಾಗದ ಗಟ್ಟಿತನ ಹೋದರೆ ಪ್ರತಿ ಈಡಿಗೂ ಲಗ್ ಒಳಕ್ಕೆ ತಿನ್ನುತ್ತಾ ಹೋಗುತ್ತದೆ, ಹೆಡ್‌ಸ್ಪೇಸ್ (ಬೋಲ್ಟಿನ ಮುಖಕ್ಕೂ ತೋಟಾ ಕೂರುವ ಗೂಡಿಗೂ ನಡುವಿನ ಅಳತೆ) ಬೆಳೆಯುತ್ತದೆ, ಕೊನೆಗೆ ಅಪಾಯ ಹೊಡೆಯುವವನ ಮುಖಕ್ಕೆ. ಹಾಗೆ ಕಾಯಿಸಿದ ರಿಸೀವರ್ ಪುಕ್ಕಟೆ ಕೊಟ್ಟರೂ ಬೇಡ.

ನಾನು ಮಾಡಿದ್ದು ಇಷ್ಟು. ರಂಧ್ರ ಬರುವಲ್ಲಿ ಮಾತ್ರ ಸಣ್ಣ ಗ್ರೈಂಡಿಂಗ್ ಕಲ್ಲಿನಿಂದ ಗಟ್ಟಿ ಪೊರೆಯನ್ನು ಚುಕ್ಕೆಯಷ್ಟು ತೆಗೆದೆ. ಕಲ್ಲು ಮೊದಲು ಕಿರುಗುಟ್ಟಿ ಜಾರುತ್ತದೆ. ಪೊರೆ ದಾಟಿದ ಕ್ಷಣ ಸದ್ದು ಮಂದವಾಗಿ ಕಿಡಿ ಇಳಿಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ 31ನೇ ನಂಬರಿನ ಡ್ರಿಲ್, 6-48 ಅಳತೆಯ ಟ್ಯಾಪ್. ಕೊನೆಯ ಸುತ್ತುಗಳಿಗೆ ತಳದವರೆಗೂ ಥ್ರೆಡ್ ಕೊರೆಯುವ ಬಾಟಮಿಂಗ್ ಟ್ಯಾಪ್ ಬೇಕೇ ಬೇಕು. ಮುಂದಿನ ರಿಂಗ್‌ನ ಮೊದಲ ರಂಧ್ರದ ಕೆಳಗೆ ನಳಿಗೆಯ ಥ್ರೆಡ್ ಇದೆ. ಎರಡನೆಯದರ ಕೆಳಗೆ ಬೋಲ್ಟ್ ಮುಚ್ಚಿದಾಗ ಲಗ್ ಬಂದು ನಿಲ್ಲುತ್ತದೆ. ಸ್ಕ್ರೂ ಕೂದಲೆಳೆಯಷ್ಟು ಉದ್ದವಾದರೂ ಲಗ್ಗಿಗೆ ಗೀರು ಬೀಳುತ್ತದೆ. ಸ್ಕ್ರೂ ತುದಿಗೆ ಮಾರ್ಕರ್ ಮಸಿ ಬಳಿದು, ಬೋಲ್ಟ್ ಮುಚ್ಚಿ ತೆಗೆದು, ಮಸಿ ಅಳಿದಿದೆಯೇ ನೋಡಿ ಒಂದೊಂದನ್ನೇ ಗಿಡ್ಡ ಮಾಡಿದೆ. ಐದಾರು ಸುತ್ತು ಥ್ರೆಡ್ ಹಿಡಿದರೆ ಸಾಕು. ರಂಧ್ರಗಳನ್ನು ನಡುಗೆರೆಗೆ ಹೊಂದಿಸಲು ಡ್ರಿಲ್ ದಾರಿ ತಪ್ಪದಂತೆ ಹಿಡಿಯುವ ಜಿಗ್ ಕೊಳ್ಳಲಿಲ್ಲ. ನನ್ನದೇ ಒಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ. ರಿಸೀವರ್‌ನ ಚಪ್ಪಟೆ ತಳವನ್ನು ನಂಬಿ, ಹೊರಮೈಯ ದುಂಡನ್ನು ನಂಬಬೇಡಿ ಅಂತ ಮಾತ್ರ ಹೇಳುತ್ತೇನೆ.

ಇನ್ನು ಎಪಾಕ್ಸಿ. ಮೊದಲು ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ ಶಿಮ್ (ಸಂದು ತುಂಬುವ ತಗಡಿನ ಚೂರು) ಇಟ್ಟೆ. ಆ ತಗಡು ಸುಮಾರು 0.1 ಮಿ.ಮೀ. ದಪ್ಪ. ಎತ್ತರ ಸರಿಯಾಯಿತು, ವಾರೆ ಹಾಗೇ ಉಳಿಯಿತು. ವಾರೆಗೆ ಮದ್ದು ಉಕ್ಕಿನ ಪುಡಿ ಬೆರೆಸಿದ ಎಪಾಕ್ಸಿಯೇ. ಮುಂದಿನ ಬೇಸನ್ನು ಲೋಹಕ್ಕೆ ಲೋಹ ತಾಗಿಸಿ ಪೂರ್ತಿ ಬಿಗಿದೆ. ಬ್ರಿಜ್ ಮೇಲೆ ಅಸಿಟೋನ್ ಒರೆಸಿ ಎಪಾಕ್ಸಿ ಹಚ್ಚಿ, ಹಿಂದಿನ ಬೇಸ್‌ನ ತಳಕ್ಕೂ ಸ್ಕ್ರೂಗಳಿಗೂ ಎಪಾಕ್ಸಿ ಅಂಟದಂತೆ ತಡೆಯುವ ರಿಲೀಸ್ ಏಜೆಂಟ್ ಬಳಿದೆ. ಎರಡೂ ರಿಂಗ್‌ಗಳಲ್ಲಿ 25.4 ಮಿ.ಮೀ.ಯ ನೇರ ಉಕ್ಕಿನ ಸರಳು ಬಿಗಿದರೆ ಹಿಂದಿನ ಬೇಸ್ ಎಲ್ಲಿ ನಿಲ್ಲಬೇಕೆಂಬುದನ್ನು ಸರಳೇ ಹೇಳುತ್ತದೆ. ಬೇಸ್‌ನ ಸ್ಕ್ರೂಗಳನ್ನು ಬೆರಳಿನಲ್ಲಿ ತಿರುಗಿಸಿದಷ್ಟೇ ಬಿಟ್ಟು ಒಂದು ದಿನ ಮುಟ್ಟದೆ ಇಟ್ಟೆ. ಗಟ್ಟಿಯಾಗುವವರೆಗೆ ಸರಳಿನ ಮೇಲೆ ಎಲ್ಲಿ, ಎಷ್ಟು ಭಾರ ಇಡಬೇಕು ಅನ್ನುವುದನ್ನು ಬರೆಯುವುದಿಲ್ಲ. ಕೈ ಪಳಗಿದವರಿಗೆ ತಾನೇ ಹೊಳೆಯುತ್ತದೆ.

ಮೂಗು ಮುರಿದವರು ಒಂದು ವಿಷಯ ಮರೆತಿದ್ದರು. ಇಲ್ಲಿ ಎಪಾಕ್ಸಿ ಯಾವುದನ್ನೂ ಅಂಟಿಸಿ ಹಿಡಿದಿಲ್ಲ. ಎಳೆತವೆಲ್ಲ ಸ್ಕ್ರೂಗಳ ಮೇಲೆ, ಹಿಮ್ಮೆಟ್ಟಿನ ಹೆಚ್ಚು ಪಾಲು ಮುಂದಿನ ಬೇಸ್ ಮೇಲೆ. ಎಪಾಕ್ಸಿ ಬೇಸ್‌ನ ಕೆಳಗೆ ಒತ್ತಡದಲ್ಲಿ ಸುಮ್ಮನೆ ಕೂತಿರುತ್ತದೆ. ಗಟ್ಟಿಯಾದ ಮೇಲೆ ಬೇಸ್ ಬಿಚ್ಚಿ ನೋಡಿದರೆ ಒಂದೂ ಗುಳ್ಳೆಯಿಲ್ಲದೆ ಅಚ್ಚು ಬಿದ್ದಿತ್ತು, ಎಡಗಡೆ ದಪ್ಪ, ಬಲಕ್ಕೆ ಬರುತ್ತಾ ಈರುಳ್ಳಿ ಸಿಪ್ಪೆಯಷ್ಟು ತೆಳು. ಮತ್ತೆ ಬಿಗಿದು, ಹಿಂದಿನ ರಿಂಗ್‌ನ ಮುಚ್ಚಳ ಸಡಿಲಿಸಿದಾಗ ಸರಳು ಸ್ವಲ್ಪವೂ ಏಳಲಿಲ್ಲ. ರಿಂಗ್‌ಗಳಿಗೆ ಒಳಮೈ ಉಜ್ಜಿ ಸಮ ಮಾಡುವ ಲ್ಯಾಪಿಂಗ್ ಪೇಸ್ಟ್ ಹೆಸರಿಗಷ್ಟೇ ಬೇಕಾಯಿತು. ಬೇಸ್ ಸ್ಕ್ರೂಗಳಿಗೆ 20 ಇಂಚು-ಪೌಂಡ್ ಬಿಗಿತ, ಸಡಿಲಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಒಂದೊಂದು ಹನಿ. ರಿಂಗ್‌ಗಳಿಗೆ 16-17, ಅಲ್ಲಿ ಲಾಕ್‌ಟೈಟ್ ಹಾಕುವುದಿಲ್ಲ.

ಬೋಲ್ಟ್ ಹಿಡಿಯ ಬಗ್ಗೆ ಉದ್ದಕ್ಕೆ ಬರೆಯುವಂಥದ್ದಿಲ್ಲ. 98ಕೆಯ ಹಿಡಿ ಮೊದಲೇ ಕೆಳಕ್ಕೆ ಬಾಗಿದ್ದರೂ ಎತ್ತಿದಾಗ ಸ್ಕೋಪಿಗೆ ತಾಗುತ್ತದೆ. ಕತ್ತರಿಸಿ, ತಗ್ಗಿಸಿ ವೆಲ್ಡ್ ಮಾಡಿಸಿದೆ. ಬೋಲ್ಟ್ ಮೈಗೆ ಬಿಸಿ ಹರಡದಂತೆ ತಡೆಯುವ ಹೀಟ್ ಪೇಸ್ಟ್, ಒಳಗೆ ಬಿಸಿ ಹೀರುವ ಹೀಟ್ ಸಿಂಕ್ ಇಲ್ಲದೆ ಯಾರಿಗೂ ಕೊಡಬೇಡಿ. ಹಿಡಿ ಎತ್ತಿದಾಗ ಹೊಡೆಯುವ ಪಿನ್ನನ್ನು ಹಿಂದಕ್ಕೆ ಸರಿಸುವ ಕಾಕಿಂಗ್ ಕ್ಯಾಮ್ ಮೆತ್ತಗಾದರೆ ಬೋಲ್ಟ್ ಮುಗಿಯಿತು. ಹಿಡಿಗೂ ಸ್ಕೋಪಿನ ಐಪೀಸಿಗೂ (ಕಣ್ಣಿಡುವ ತುದಿ) ನಡುವೆ ಈಗ 3 ಮಿ.ಮೀ. ಜಾಗವಿದೆ.

ಮೂಲ ಸೇಫ್ಟಿ ಬೋಲ್ಟಿನ ಮೇಲಿಂದ ಅರ್ಧ ಸುತ್ತು ಹೊರಳುವಂಥದ್ದು, ಸ್ಕೋಪ್ ಬಂದ ಮೇಲೆ ಅದು ನಡೆಯದು. ಸ್ಕೋಪಿನ ಕೆಳಗೇ ಹೊರಳುವ ಲೋ-ಸ್ವಿಂಗ್ ಸೇಫ್ಟಿ ಕೂರಿಸಿದೆ. ಸೇಫ್ಟಿ ಹಾಕಿದಾಗ ಕಾಕಿಂಗ್ ಪೀಸ್ (ಹೊಡೆಯುವ ಪಿನ್ನಿನ ಹಿಂತುದಿ) ಒಂದಿಷ್ಟು ಹಿಂದಕ್ಕೆ ಜರುಗಿ ಸಿಯರ್‌ನಿಂದ (ಅದನ್ನು ತಡೆದು ಹಿಡಿಯುವ ಕೊಕ್ಕೆಯಿಂದ) ಬಿಡಬೇಕು. ಖಾಲಿ ಕೋವಿಯಲ್ಲಿ ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆಯಿರಿ. ಪಿನ್ ಬಿದ್ದರೆ ಕೆಲಸ ಸರಿಯಾಗಿಲ್ಲ, ಆ ಕೋವಿಗೆ ತೋಟಾ ತುಂಬಬಾರದು. ಈ ಪರೀಕ್ಷೆಯನ್ನು ಇವತ್ತಿಗೂ ಆಗಾಗ ಮಾಡುತ್ತೇನೆ.

ಫಲ ಏನು ಅಂದರೆ, ಕಬ್ಬಿಣದ ಸೈಟಿನಲ್ಲಿ 100 ಮೀಟರಿಗೆ 11-12 ಸೆಂ.ಮೀ. ಹರಡುತ್ತಿದ್ದ ಕೋವಿ ಅದೇ ತೋಟಾದಲ್ಲಿ ಈಗ 4 ಸೆಂ.ಮೀ.ಗೆ ಬಂದಿದೆ. ಕೆಲವು ದಿನ ಇನ್ನೂ ಕಡಿಮೆ. ಝೀರೋ ಆದಾಗ ಎತ್ತರ ಹೊಂದಿಸುವ ತಿರುಪು, ಅಂದರೆ ಟರೆಟ್, ನಡುಮಧ್ಯದಿಂದ ಹತ್ತು ಕ್ಲಿಕ್ ಕೂಡ ಹೋಗಿರಲಿಲ್ಲ. ಹೊಸ ಕೋವಿಗೆ ಸ್ಕೋಪ್ ಹಾಕಿದವರಿಗೂ ಇಷ್ಟು ಹತ್ತಿರ ಬರುವುದು ಅಪರೂಪ ಅಂತ ಧೈರ್ಯವಾಗಿ ಹೇಳಬಲ್ಲೆ.

ಖರ್ಚಿನ ಮಾತು. ಎಲ್ಲ ಸೇರಿಸಿದರೆ ಕೋವಿಗೆ ಕೊಟ್ಟದ್ದರ ಎರಡು ಪಟ್ಟು ದಾಟಿದೆ. ಹತ್ತು ಪಾಲು ಮಾಡಿದರೆ ಸ್ಕೋಪಿಗೆ ನಾಲ್ಕು, ಬೇಸ್ ಮತ್ತು ರಿಂಗ್‌ಗೆ ಎರಡು, ಬೋಲ್ಟ್ ಮತ್ತು ಸೇಫ್ಟಿಗೆ ಎರಡು, ಸೈಡ್ ಮೌಂಟು ಸ್ಕೌಟು ಅಂತ ಕಳೆದದ್ದು ಹತ್ತಿರಹತ್ತಿರ ಎರಡು. ಎಪಾಕ್ಸಿಯ ಖರ್ಚು ಲೆಕ್ಕಕ್ಕೇ ಬರುವುದಿಲ್ಲ, ಅರ್ಧ ಟ್ಯೂಬ್ ಇನ್ನೂ ಮಿಕ್ಕಿದೆ. ದುಬಾರಿ ಗಾಜು ತಂದು ಅಗ್ಗದ ಬೇಸ್ ಮೇಲೆ ಇಡುವವರನ್ನು ಕಂಡರೆ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಮಾತೇ ನೆನಪಾಗುತ್ತದೆ.

ಉಳಿದ ಎಪಾಕ್ಸಿಯನ್ನು ಸ್ವೀಡನ್ನಿನ 96 ಮಾದರಿಯ ಮೌಸರ್ ಮೇಲೆ ಬಳಸುವ ಯೋಚನೆಯಿದೆ. ಅದರ ರಿಸೀವರಿನ ಮುಂದಿನ ರಿಂಗ್ ಚಿಕ್ಕದು, ಅಡ್ಡಳತೆ 1.3 ಇಂಚು, 98ಕೆಯದು 1.41. ಹಾಗಾಗಿ ಇದೇ ಮುಂದಿನ ಬೇಸ್ ಅದಕ್ಕೆ ಕೂರದು. ಬೇಸ್ ಆರ್ಡರ್ ಮಾಡಿದ್ದೇನೆ, ಬ್ರಿಜ್ ಇನ್ನೂ ಮುಟ್ಟಿಲ್ಲ.