ಸರ್ಚುವಿನಿಂದ ಪಾಂಗ್‌ಗೆ ಸೈಕಲ್ ತುಳಿಯುವವರಿಗೆ

ಈ ಸಲ ಹಿಮಾಲಯದ ಮನಾಲಿ-ಲೇಹ್ ರಸ್ತೆಯ ಗುಂಪಿನಲ್ಲಿ ಹೊರಟಿರುವವರು, ಆ ದಾರಿಯ ತಂಗುದಾಣಗಳಾದ ಸರ್ಚು-ಪಾಂಗ್ ನಡುವಿನ ದಿನವನ್ನು ಹಗುರವಾಗಿ ತಗೋಬೇಡಿ. ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ತಾನೇ ಅನ್ನಿಸುತ್ತದೆ, ಆದರೆ ಮೊದಲು ಗಾಟಾ ಲೂಪ್ಸ್ ಎಂಬ ಏರುದಾರಿಯ 21 ತಿರುವು, ಆಮೇಲೆ ನಕೀ ಲಾ ('ಲಾ' ಅಂದರೆ ಬೆಟ್ಟ ದಾಟುವ ಎತ್ತರದ ದಾರಿ), ಅಲ್ಲಿಂದ ಇಳಿದು ಮತ್ತೆ 5,000 ಮೀಟರ್ ದಾಟುವ ಲಾಚುಂಗ್ ಲಾ. ಒಂದು ಮರ ಇಲ್ಲ, ನೆರಳಿಲ್ಲ.

ಬೆಳಕು ಹರಿಯುತ್ತಲೇ ಹೊರಡಿ, ಮಧ್ಯಾಹ್ನದ ಮೇಲೆ ಗಾಳಿ ಜಾಸ್ತಿ. ತಿರುವುಗಳಲ್ಲಿ ಯಾರನ್ನೂ ಹಿಡಿಯಲು ಹೋಗಬೇಡಿ, ಮಾತಾಡುತ್ತಾ ತುಳಿಯುವಷ್ಟು ನಿಧಾನ ಸಾಕು. ನಾನು ಐದೈದು ತಿರುವಿಗೆ ನಿಂತು ನಾಲ್ಕು ಗುಟುಕು ಓಆರ್‌ಎಸ್ ನೀರು ಕುಡಿದೆ, ಅದೇ ನನ್ನನ್ನು ಉಳಿಸಿದ್ದು. ಮೂರು ಲೀಟರ್ ನೀರು ಇರಲಿ. ಬಿಸ್ಕತ್ತು ಒಣಬಾಯಲ್ಲಿ ಮಣ್ಣಿನ ಹಾಗೆ ಅಂಟುತ್ತದೆ, ಖರ್ಜೂರ ಒಳ್ಳೆಯದು.

ಗುಂಪಿನಲ್ಲಿ ಗಟ್ಟಿಗರು ಕೊನೆಯಲ್ಲಿ ಬರಲಿ, ಪಂಪು ಟ್ಯೂಬು ಅವರ ಹತ್ತಿರವೇ ಇರಲಿ. ಎರಡು ಲಾಗಳ ನಡುವೆ ವಿಸ್ಕಿ ನಾಲಾ ಎಂಬಲ್ಲಿ ಎಲ್ಲರೂ ಸೇರಿ, ತಲೆ ಎಣಿಸಿ, ಆಮೇಲೆ ಮುಂದೆ ಹೋಗಿ.

ಎತ್ತರಕ್ಕೆ ತಲೆನೋವು ಬಂದರೆ ದಯವಿಟ್ಟು ಮುಚ್ಚಿಡಬೇಡಿ. ಜೊತೆಗೆ ವಾಂತಿಯೋ ತೂರಾಟವೋ ಇದ್ದರೆ ಹತ್ತುವುದು ಅಲ್ಲಿಗೇ ನಿಲ್ಲಿಸಿ, ಸೈಕಲ್ ಲಾರಿಗೆ ಹಾಕಿ ಅಂಥವರನ್ನು ಕೆಳಗಿಳಿಸಿ, ಜೊತೆಗೆ ಒಬ್ಬರು ಹೋಗಲೇಬೇಕು.